ಅಲ್ಲಿಂದ ಉತ್ತರಕ್ಕೆ: ಒಂದು ಹಿಮಶಿಖರ ಮತ್ತು ನಮ್ಮ ಎರೆಸೀಮೆ

ಹೊಂಬಳದ ಎರೆಹೊಲಗಳ ನಡುವೆ ಬೆಳೆದವರಿಗೆ ಹಿಮ ಎಂದರೆ ಆಣೆಕಲ್ಲು. ಬೇಸಿಗೆಯ ಕೊನೆಗೆ ಅಡ್ಡಮಳೆ ಬಂದಾಗ ಅಂಗಳಕ್ಕೆ ಬಿದ್ದ ಆಣೆಕಲ್ಲನ್ನು ಮಕ್ಕಳು ಆಯ್ದು ಬಾಯಿಗೆ ಹಾಕಿಕೊಳ್ಳುತ್ತಾರೆ, ಹಿರಿಯರು ಗಿಡದಲ್ಲಿರುವ ಮಾವಿನ ಬಗ್ಗೆ ಚಿಂತೆ ಮಾಡುತ್ತಾರೆ. ಅಷ್ಟರಲ್ಲಿ ಅದು ಕರಗಿ ಮಣ್ಣಿಗೆ ಸೇರಿರುತ್ತದೆ. ಗದಗ ಸೀಮೆ ಇರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 600 ಮಿಲಿಮೀಟರ್. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಇಲ್ಲಿಯವರು ತಲೆಯೆತ್ತಿ ನೋಡುವುದು ಮೋಡವನ್ನು, ಶಿಖರವನ್ನಲ್ಲ.

ಇಂಥ ಸೀಮೆಯಲ್ಲಿ 2016ರ ಫೆಬ್ರುವರಿಯಲ್ಲಿ ‘ಸಿಯಾಚಿನ್’ ಎಂಬ ಹೆಸರು ಮನೆಮಾತಾಯಿತು. ಆ ತಿಂಗಳ 3ರಂದು, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿದು ಬಿತ್ತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಠಾಣೆ ಅದು. ಅಲ್ಲಿದ್ದ ಹತ್ತು ಮಂದಿಯೂ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆಯ ಕಡೆಯ ಸಿಪಾಯಿ ಮಹೇಶ, ಮತ್ತು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಬದುಕಿರುವ ಸಾಧ್ಯತೆ ತೀರ ಕಡಿಮೆ ಎಂದು ಸೇನೆ ಹೇಳಿತು, ಪ್ರಧಾನಿ ಸಂತಾಪ ಸೂಚಿಸಿದರು. ಆದರೂ ಕಾಂಕ್ರೀಟಿನಂತೆ ಗಟ್ಟಿಯಾದ ನೀಲಿ ಮಂಜನ್ನು ಯಂತ್ರಗಳಿಂದ ಕೊಯ್ಯುತ್ತ, ನಾಯಿಗಳ ನೆರವಿನಿಂದ ಸೈನಿಕರು ಅಗೆಯುತ್ತಲೇ ಹೋದರು. 8ರ ರಾತ್ರಿ ಇಪ್ಪತ್ತೈದು ಅಡಿಗೂ ಹೆಚ್ಚು ಆಳದಲ್ಲಿ ಹನುಮಂತಪ್ಪ ಸಿಕ್ಕಿದರು. ಉಸಿರು ಇತ್ತು. ಮರುದಿನ ಅವರನ್ನು ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. 11ರಂದು ಬೆಳಿಗ್ಗೆ 11.45ಕ್ಕೆ ಉಸಿರು ನಿಂತಿತು. ಅವರಿಗೆ 33 ವರ್ಷ.

ಬೆಟದೂರು ಇರುವುದು ಹುಬ್ಬಳ್ಳಿ, ಗದಗ, ಲಕ್ಷ್ಮೇಶ್ವರಗಳ ನಡುವಿನ ಇದೇ ಎರೆಸೀಮೆಯಲ್ಲಿ. ಆ ವಾರ ಟಿವಿ ಇಟ್ಟ ಹೋಟೆಲುಗಳಲ್ಲಿ ಚಹಾ ಆರುವ ತನಕ ಜನ ನಿಂತು ನೋಡಿದರು, ಗುಡಿಗಳಲ್ಲಿ ಪೂಜೆ ಮಾಡಿಸಿದರು, ಮಸೀದಿಗಳಲ್ಲಿ ದುವಾ ಕೇಳಿದರು. ‘ಪವಾಡ’ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಆದರೆ ಪವಾಡ ಎಂದ ಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಜೋಳದ ಹೊಲದ ಒಬ್ಬ ರೈತನ ಮಗ ಹುಲ್ಲೂ ಹುಟ್ಟದ ಆ ಎತ್ತರದಲ್ಲಿ ಏಕೆ ನಿಲ್ಲಬೇಕಾಗಿತ್ತು ಎಂಬ ಪ್ರಶ್ನೆ ಅಂದು ಹಾಗೆಯೇ ಉಳಿಯಿತು. ಅದಕ್ಕೆ ಉತ್ತರ ಇದೆ. ಅದು ಒಂದು ಶಿಖರದ, ಅದರ ಸುತ್ತಲಿನ ಹಿಮನದಿಗಳ ಮತ್ತು ಅರ್ಧಕ್ಕೆ ಬಿಟ್ಟ ಒಂದು ವಾಕ್ಯದ ಚರಿತ್ರೆಯಲ್ಲಿದೆ.

ಶಿಖರದ ಹೆಸರು ಸಾಲ್ತೊರೊ ಕಾಂಗ್ರಿ. ಎತ್ತರ 7,742 ಮೀಟರ್. ಕಾರಕೋರಂ ಪರ್ವತಗಳಲ್ಲಿ ಸಿಯಾಚಿನ್ ಹಿಮನದಿಯ ಪಶ್ಚಿಮಕ್ಕೆ ಉದ್ದಕ್ಕೂ ಹಬ್ಬಿದ ಸಾಲ್ತೊರೊ ಬೆಟ್ಟಸಾಲಿನಲ್ಲಿ ಇದೇ ಎಲ್ಲಕ್ಕಿಂತ ಎತ್ತರ. ಹಿಮನದಿ ಎಂದರೆ ಹೆಸರೇ ಹೇಳುವಂತೆ ಹರಿಯುವ ಮಂಜುಗಡ್ಡೆ. ವರ್ಷವರ್ಷವೂ ಬಿದ್ದ ಹಿಮ ಕರಗದೆ ಒಂದರ ಮೇಲೊಂದು ಕೂತು, ತನ್ನ ಭಾರಕ್ಕೆ ತಾನೇ ಒತ್ತಿ ಗಡ್ಡೆಯಾಗಿ, ಇಳಿಜಾರಿನಲ್ಲಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಸರಿಯುತ್ತದೆ. ಸರಿಯುವಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಿರಿದಾಗ ಎತ್ತಿನ ಕಾಲು ಸಿಕ್ಕಿಕೊಳ್ಳುತ್ತದೆ. ಅಲ್ಲಿಯ ಬಿರುಕು ಇಡೀ ಮನುಷ್ಯನನ್ನು ನುಂಗುತ್ತದೆ, ಮೇಲೆ ತೆಳುವಾದ ಹಿಮ ಮುಚ್ಚಿಕೊಂಡಿರುವುದರಿಂದ ಹೆಜ್ಜೆಯಿಡುವ ತನಕ ಗೊತ್ತೂ ಆಗುವುದಿಲ್ಲ. ಸಿಯಾಚಿನ್‌ನ ಉದ್ದ 76 ಕಿಲೋಮೀಟರ್. ಧ್ರುವಪ್ರದೇಶಗಳನ್ನು ಬಿಟ್ಟರೆ ಲೋಕದ ಅತಿ ಉದ್ದದ ಹಿಮನದಿಗಳ ಸಾಲಿನಲ್ಲಿ ಅದಕ್ಕೆ ಎರಡನೆಯ ಸ್ಥಾನ. ಬಾಲ್ಟಿ ನುಡಿಯಲ್ಲಿ ‘ಸಿಯಾ’ ಎಂದರೆ ಕಾಡುಗುಲಾಬಿ, ‘ಚಿನ್’ ಎಂದರೆ ಅದು ಹೇರಳವಾಗಿರುವ ಜಾಗ. ಹಿಮನದಿ ಮುಗಿಯುವ ಕೆಳಗಿನ ಕಣಿವೆಯಲ್ಲಿ ಬೆಳೆಯುವ ಗುಲಾಬಿ ಪೊದೆಗಳಿಂದ ಬಂದ ಹೆಸರು ಅದು.

ಈ ಶಿಖರದ ಲಿಖಿತ ಚರಿತ್ರೆಯ ಮೊದಲ ಎಳೆ ಸಿಗುವುದು ಕನ್ನಡನಾಡಿನಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಅಧಿಕಾರಿ ಗೆದ್ದ ನಾಡನ್ನು ಶಾಸ್ತ್ರೀಯವಾಗಿ ಅಳೆಯಬೇಕೆಂಬ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದ್ರಾಸಿನಲ್ಲಿ ವಿಧಿವತ್ತಾಗಿ ಆರಂಭವಾದ ಆ ಕೆಲಸವೇ ಮುಂದೆ ಇಡೀ ಉಪಖಂಡವನ್ನು ತ್ರಿಕೋನಗಳಲ್ಲಿ ಹೆಣೆದ ಮಹಾ ಮೋಜಣಿಯಾಯಿತು. ದಕ್ಷಿಣದ ಬಯಲಿನಿಂದ ಹೊರಟ ಅಳತೆ ಅರ್ಧ ಶತಮಾನದ ನಂತರ ಕಾಶ್ಮೀರ ಮುಟ್ಟಿತು. 1856ರಲ್ಲಿ ಥಾಮಸ್ ಮಾಂಟ್ಗೊಮರಿ ಕಾಶ್ಮೀರದ ಬೆಟ್ಟದ ಮೇಲೆ ನಿಂತು ದೂರದ ಕಾರಕೋರಂ ಶಿಖರಗಳನ್ನು ಕಂಡು, ‘ಕೆ’ ಅಕ್ಷರದ ಮುಂದೆ ಅಂಕಿ ಹಾಕಿ ಗುರುತಿಸತೊಡಗಿದ. ಅವುಗಳಲ್ಲಿ ಕೆ2 ಎಂಬುದು ಇಂದಿಗೂ ಅದೇ ಹೆಸರಿನಿಂದ ಲೋಕಪ್ರಸಿದ್ಧ. ಸಾಲ್ತೊರೊ ಕಾಂಗ್ರಿ ಅದೇ ಪಟ್ಟಿಯ ಕೆ10. ಹತ್ತಿರ ಹೋಗದೆಯೇ, ಬರಿಯ ಕೋನಗಳ ಲೆಕ್ಕದಿಂದ ಶಿಖರದ ಎತ್ತರ ತಿಳಿಯಿತು. ಬುಡದ ಹಿಮನದಿಗಳು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತವೆ ಎಂಬುದು ಮಾತ್ರ ತಿಳಿಯಲಿಲ್ಲ.

ಅದು ತಿಳಿಯಲು ನಡೆಯಲೇಬೇಕಾಯಿತು. 1848ರಲ್ಲೇ ಹೆನ್ರಿ ಸ್ಟ್ರಾಚಿ ಸಿಯಾಚಿನ್‌ನ ಬಾಯಿಯ ತನಕ ಬಂದು ಸ್ವಲ್ಪ ದೂರ ಹತ್ತಿ ಹೋಗಿದ್ದ. 1909ರಲ್ಲಿ ಟಾಮ್ ಲಾಂಗ್‌ಸ್ಟಾಫ್ ಎಂಬ ವೈದ್ಯ ಪಶ್ಚಿಮದ ಕಡೆಯಿಂದ ಬಿಲಾಫಾಂಡ್ ಲಾ ದಾಟಿದ. ‘ಲಾ’ ಎಂದರೆ ಬೆಟ್ಟಸಾಲನ್ನು ದಾಟುವ ಕಣಿವೆದಾರಿ. ದಾಟಿದವನಿಗೆ ಕಂಡದ್ದು ನಕ್ಷೆಗಳಲ್ಲಿದ್ದುದಕ್ಕಿಂತ ಎಷ್ಟೋ ಉದ್ದದ ಹಿಮನದಿ. 1911 ಮತ್ತು 1912ರಲ್ಲಿ ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ತನ್ನ ಗಂಡನೊಡನೆ ಮೋಜಣಿದಾರರನ್ನು ಕರೆದುಕೊಂಡು ಸಿಯಾಚಿನ್‌ನ ಉದ್ದಕ್ಕೂ ತಿರುಗಿದಳು. ಸುಮಾರು 21,000 ಅಡಿ ಎತ್ತರದಲ್ಲಿ, ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಸಾರುವ ಪತ್ರಿಕೆಯೊಂದನ್ನು ಹಿಡಿದು ಆಕೆ ನಿಂತಿರುವ ಫೋಟೊ ಇಂದಿಗೂ ಪ್ರಸಿದ್ಧ. ಹಿಮನದಿಯ ಉತ್ತರ ತುದಿಯ ಕಣಿವೆದಾರಿಗೆ ಇಂದಿರಾ ಕೋಲ್ ಎಂದು ಹೆಸರಿಟ್ಟವಳೂ ಆಕೆಯೇ. ಅಲ್ಲಿಯ ಇಂದಿರೆ ಲಕ್ಷ್ಮೀದೇವಿ. ಆ ಹೆಸರಿಟ್ಟಾಗ ಇಂದಿರಾ ಗಾಂಧಿ ಇನ್ನೂ ಹುಟ್ಟಿರಲಿಲ್ಲ.

ಶಿಖರ ಏರುವ ಪ್ರಯತ್ನ 1935ರಲ್ಲಿ ನಡೆಯಿತು. ಜೇಮ್ಸ್ ವಾಲರ್‌ನ ಆ ತಂಡದಲ್ಲಿ ಜಾನ್ ಹಂಟ್ ಇದ್ದ, 1953ರಲ್ಲಿ ಎವರೆಸ್ಟ್ ಏರಿದ ತಂಡದ ನಾಯಕ. ತುದಿ ಇನ್ನು ಸ್ವಲ್ಪ ಇರುವಾಗಲೇ ಅವರು ಹಿಂತಿರುಗಬೇಕಾಯಿತು. ಕೊನೆಗೆ 1962ರ ಜುಲೈ 24ರಂದು ಜಪಾನ್ ಮತ್ತು ಪಾಕಿಸ್ತಾನದ ಜಂಟಿ ತಂಡದ ಮೂವರು ತುದಿ ಮುಟ್ಟಿದರು: ಸೈತೊ, ತಕಮುರ ಮತ್ತು ಬಷೀರ್.

ಈ ಏರಾಟದ ಕತೆಯಲ್ಲಿಯೇ ಮುಂದಿನ ಕತೆಯ ಬೀಜವೂ ಇದೆ. 1962ರಲ್ಲಿ ಆ ಶಿಖರಕ್ಕೆ ಹೋಗಲು ಅನುಮತಿ ಕೊಟ್ಟದ್ದು ಪಾಕಿಸ್ತಾನ. ಹಾಗಾದರೆ ಶಿಖರ ಯಾರದು? ಇದನ್ನು ತಿಳಿಯಲು ಹದಿಮೂರು ವರ್ಷ ಹಿಂದಕ್ಕೆ, ಕರಾಚಿಗೆ ಹೋಗಬೇಕು.

1947-48ರ ಕಾಶ್ಮೀರ ಯುದ್ಧ ನಿಂತ ಮೇಲೆ, 1949ರ ಜುಲೈ 27ರಂದು ಭಾರತ ಮತ್ತು ಪಾಕಿಸ್ತಾನದ ಸೇನಾ ಪ್ರತಿನಿಧಿಗಳು ಕರಾಚಿಯಲ್ಲಿ ಕದನವಿರಾಮ ರೇಖೆಗೆ ಒಪ್ಪಿ ಸಹಿ ಹಾಕಿದರು. ರೇಖೆ ಊರು, ಹಳ್ಳ, ದಿನ್ನೆಗಳ ಹೆಸರು ಹಿಡಿದು ಸಾಗುತ್ತ ನಕ್ಷೆಯಲ್ಲಿ ಎನ್‌ಜೆ9842 ಎಂದು ಗುರುತಿಸಲಾದ ಬಿಂದುವಿಗೆ ಬಂದು ನಿಂತಿತು. ಮುಂದೆ ಊರಿಲ್ಲ, ದಾರಿಯಿಲ್ಲ, ಸೈನ್ಯವೂ ಇರಲಿಲ್ಲ. ಅಲ್ಲಿ ಯಾರು ತಾನೆ ನಿಲ್ಲುತ್ತಾರೆ ಎಂದುಕೊಂಡಿರಬೇಕು. ರೇಖೆ ಅಲ್ಲಿಂದ ಉತ್ತರಕ್ಕೆ ಹಿಮನದಿಗಳ ಕಡೆಗೆ ಹೋಗುತ್ತದೆ ಎಂಬ ಅರ್ಥದ ಮಾತೊಂದನ್ನು ಬರೆದು ಮುಗಿಸಿದರು. 1972ರ ಸಿಮ್ಲಾ ಒಪ್ಪಂದದ ನಂತರ ಇದೇ ಕದನವಿರಾಮ ರೇಖೆ ಕೆಲವು ಬದಲಾವಣೆಗಳೊಡನೆ ನಿಯಂತ್ರಣ ರೇಖೆಯಾಯಿತು. ಆಗಲೂ ಎನ್‌ಜೆ9842ರ ಆಚೆಗೆ ಯಾರೂ ಗೆರೆ ಎಳೆಯಲಿಲ್ಲ.

ನಮ್ಮ ಕಡೆ ಹೊಲದ ಬದುವಿನ ವ್ಯಾಜ್ಯ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಂದುಗಲ್ಲು ಇಲ್ಲದ ಕಡೆ ಅಣ್ಣತಮ್ಮಂದಿರು ಎರಡು ತಲೆಮಾರು ಸುಮ್ಮನೆ ಉಳುಮೆ ಮಾಡಿಕೊಂಡಿರುತ್ತಾರೆ. ಮೂರನೆಯ ತಲೆಮಾರಿನಲ್ಲಿ ಒಬ್ಬ ಒಂದು ಗಿಡ ನೆಡುತ್ತಾನೆ, ಕೋರ್ಟು ಶುರುವಾಗುತ್ತದೆ. ‘ಉತ್ತರಕ್ಕೆ’ ಎಂದರೆ ಬೆಟ್ಟಸಾಲಿನ ನೀರಿಬ್ಭಾಗದ ಗುಂಟ ಉತ್ತರಕ್ಕೆ, ಅಂದರೆ ಸಾಲ್ತೊರೊ ಸಾಲಿನ ಮೇಲೆ ಎಂದು ಭಾರತ ಓದುತ್ತದೆ. ಹಾಗೆ ಓದಿದರೆ ಸಿಯಾಚಿನ್ ಭಾರತಕ್ಕೆ ಸೇರುತ್ತದೆ. ಪಾಕಿಸ್ತಾನ ಅದೇ ಬಿಂದುವಿನಿಂದ ಈಶಾನ್ಯಕ್ಕೆ, ಕಾರಕೋರಂ ಕಣಿವೆದಾರಿಯ ತನಕ ಗೆರೆ ಎಳೆಯುತ್ತದೆ. ಆಗ ಸಿಯಾಚಿನ್ ಪಾಕಿಸ್ತಾನದ್ದಾಗುತ್ತದೆ. ಎರಡೂ ಗೆರೆ ಒಂದೇ ಬಿಂದುವಿನಿಂದ, ಒಂದೇ ವಾಕ್ಯದಿಂದ ಹೊರಡುತ್ತವೆ.

ಎಪ್ಪತ್ತರ ದಶಕದಲ್ಲಿ ವಿದೇಶಿ ಪರ್ವತಾರೋಹಿಗಳು ಪಾಕಿಸ್ತಾನದ ಅನುಮತಿಯಿಂದ ಈ ಶಿಖರಗಳಿಗೆ ಬರುತ್ತಿದ್ದರು. ಹೊರದೇಶದ ನಕ್ಷೆಯೊಂದರಲ್ಲಿ ಗೆರೆಯನ್ನು ಕಾರಕೋರಂ ಕಣಿವೆದಾರಿಯ ತನಕ ಎಳೆದಿದ್ದುದನ್ನು ಭಾರತೀಯ ಸೇನೆಯ ಕರ್ನಲ್ ನರೇಂದ್ರ ಕುಮಾರ್ ಕಂಡರು. ಗೆಳೆಯರು ಅವರನ್ನು ‘ಬುಲ್’ ಎಂದು ಕರೆಯುತ್ತಿದ್ದರು. 1978ರಲ್ಲಿ ಅವರು ಸಿಯಾಚಿನ್‌ಗೆ ತಂಡ ಕಟ್ಟಿಕೊಂಡು ಹೋದರು. 1981ರಲ್ಲಿ ಮತ್ತೆ ಹೋಗಿ ಹಿಮನದಿಯ ತುದಿಯ ತನಕ ಸುತ್ತಿದರು, ಅವರ ತಂಡ ಸಾಲ್ತೊರೊ ಕಾಂಗ್ರಿಯನ್ನೂ ಏರಿತು. ಹೀಗೆ ಎರಡು ದೇಶಗಳು ಪರ್ವತಾರೋಹಣದ ಹೆಸರಿನಲ್ಲಿ ಹಕ್ಕು ಸ್ಥಾಪಿಸುತ್ತ ಬಂದವು. ಏರುವ ಹಗ್ಗದ ಹಿಂದೆಯೇ ಬಂದೂಕೂ ಬಂತು.

1984ರ ಏಪ್ರಿಲ್ 13, ಬೈಸಾಖಿಯ ದಿನ. ಕುಮಾಊಂ ರೆಜಿಮೆಂಟಿನ ಕ್ಯಾಪ್ಟನ್ ಸಂಜಯ್ ಕುಲಕರ್ಣಿ ನೇತೃತ್ವದ ಸಣ್ಣ ತುಕಡಿಯೊಂದನ್ನು ಹೆಲಿಕಾಪ್ಟರುಗಳು ಬಿಲಾಫಾಂಡ್ ಲಾದಲ್ಲಿ ಇಳಿಸಿದವು. ಕೆಲವೇ ದಿನಗಳಲ್ಲಿ ಉತ್ತರದ ಸಿಯಾ ಲಾ ಕೂಡ ಭಾರತದ ಕೈಗೆ ಬಂತು. ಪಾಕಿಸ್ತಾನದ ಸೈನ್ಯ ಬರುವ ಹೊತ್ತಿಗೆ ಎತ್ತರದ ಜಾಗಗಳಲ್ಲಿ ಭಾರತದ ಸೈನಿಕರಿದ್ದರು. ಲೋಕವೆಲ್ಲ ಇದನ್ನು ಸಿಯಾಚಿನ್ ಯುದ್ಧ ಎನ್ನುತ್ತದೆ. ನಿಜವಾಗಿ ಸೆಣಸಾಟ ನಡೆದದ್ದು ಹಿಮನದಿಯ ಮೇಲಲ್ಲ, ಅದರ ಪಶ್ಚಿಮದ ಸಾಲ್ತೊರೊ ಸಾಲಿನ ಮೇಲೆ. 1987ರ ಜೂನ್‌ನಲ್ಲಿ 21,000 ಅಡಿಗೂ ಎತ್ತರದ ಪಾಕಿಸ್ತಾನಿ ಠಾಣೆಯನ್ನು ಹಿಡಿದುಕೊಂಡ ನಾಯಬ್ ಸುಬೇದಾರ್ ಬಾನಾ ಸಿಂಗ್ ಅವರಿಗೆ ಪರಮವೀರ ಚಕ್ರ ದೊರೆಯಿತು.

1984ರ ಆ ಕಾರ್ಯಾಚರಣೆಗೆ ಇಟ್ಟ ಹೆಸರು ‘ಮೇಘದೂತ’. ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಾಳಿದಾಸನ ಕಾವ್ಯದಲ್ಲಿ ಮನೆಯಿಂದ ದೂರವಾದ ಯಕ್ಷ ದಕ್ಷಿಣದ ರಾಮಗಿರಿಯಲ್ಲಿದ್ದಾನೆ, ಹೆಂಡತಿ ಉತ್ತರದ ಹಿಮಗಿರಿಯ ಅಲಕಾಪುರಿಯಲ್ಲಿದ್ದಾಳೆ. ಮೋಡ ಅವನ ಮಾತನ್ನು ಹೊತ್ತು ಉತ್ತರಕ್ಕೆ ಹೋಗಬೇಕು. ಆ ಕಾವ್ಯವನ್ನು ‘ಕನ್ನಡ ಮೇಘದೂತ’ವಾಗಿ ನಮಗೆ ಕೊಟ್ಟವರು ಶಿರಹಟ್ಟಿ ಮೂಲದ ಮನೆತನದ, ಧಾರವಾಡದ ಬೇಂದ್ರೆ. ಸಿಯಾಚಿನ್‌ನ ಮೇಘದೂತದಲ್ಲಿ ದಿಕ್ಕು ತಿರುಗಿದೆ. ಗಂಡಸು ಉತ್ತರದ ಹಿಮದಲ್ಲಿದ್ದಾನೆ, ಮನೆ ದಕ್ಷಿಣದಲ್ಲಿದೆ, ಸುದ್ದಿ ಕೆಳಗೆ ಇಳಿದು ಬರಬೇಕು. ಎಷ್ಟೋ ಸಲ ಬಂದದ್ದು ಒಂದೇ ಬಗೆಯ ಸುದ್ದಿ.

ಆ ಸುದ್ದಿಗಳಲ್ಲಿ ಗುಂಡೇಟಿನವು ಕಡಿಮೆ. 2003ರ ನವೆಂಬರ್ 25ರ ರಾತ್ರಿಯಿಂದ ಕದನವಿರಾಮ ಜಾರಿಗೆ ಬಂದು ಗುಂಡಿನ ಸದ್ದು ನಿಂತಿತು, ಸಾವು ನಿಲ್ಲಲಿಲ್ಲ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಉಸಿರು ಎಳೆದಷ್ಟೂ ಸಾಲದು. ಶ್ವಾಸಕೋಶದಲ್ಲಿ, ಮಿದುಳಿನಲ್ಲಿ ನೀರು ತುಂಬುವ ಕಾಯಿಲೆ ಗಂಟೆಗಳಲ್ಲಿ ಆಳನ್ನು ಕೆಡವುತ್ತದೆ. ಚಳಿಗಾಲದಲ್ಲಿ ತಾಪಮಾನ ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಕೆಲವೊಮ್ಮೆ ಇನ್ನೂ ಕೆಳಗೆ ಹೋಗುತ್ತದೆ. ಬರಿಗೈಯಿಂದ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. 1984ರಿಂದ 2015ರ ಡಿಸೆಂಬರ್‌ವರೆಗೆ ಸಿಯಾಚಿನ್‌ನಲ್ಲಿ ಭಾರತ ಕಳೆದುಕೊಂಡ ಸೈನಿಕರು 869 ಎಂಬುದು ಸರ್ಕಾರ ಕೊಟ್ಟ ಲೆಕ್ಕ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹವೆ, ಹಿಮ, ಎತ್ತರ. ಆಚೆಯ ಕಡೆಯೂ ಇದೇ ಕತೆ. 2012ರ ಏಪ್ರಿಲ್ 7ರಂದು ಗಯಾರಿಯ ಪಾಕಿಸ್ತಾನಿ ನೆಲೆಯ ಮೇಲೆ ಹಿಮ ಕುಸಿದು, ಒಂದೇ ಬೆಳಿಗ್ಗೆ 140 ಮಂದಿ ಹೂತುಹೋದರು.

ಹಿಮ ತಾನು ಇಟ್ಟುಕೊಂಡದ್ದನ್ನು ತನಗೆ ಬೇಕಾದಾಗ ಕೊಡುತ್ತದೆ. 1984ರ ಮೇ ತಿಂಗಳಲ್ಲಿ 19ನೇ ಕುಮಾಊಂ ಬೆಟಾಲಿಯನ್ನಿನ ಗಸ್ತು ತಂಡವೊಂದು ಹಿಮಕುಸಿತಕ್ಕೆ ಸಿಕ್ಕಿತ್ತು. ಅದರಲ್ಲಿದ್ದ ಲ್ಯಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲಾ ಅವರ ದೇಹ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ, 38 ವರ್ಷಗಳ ನಂತರ. ಹೋದಾಗ ಅವರು ಯುವಕ. ದೇಹ ಮನೆಗೆ ಬಂದಾಗ ಕಾದಿದ್ದ ಹೆಂಡತಿಗೆ ವಯಸ್ಸಾಗಿತ್ತು.

ಹಾಗಾದರೆ ಇಬ್ಬರೂ ಇಳಿದು ಬರಬಾರದೇ? ಈ ಮಾತು ಹೊಸದಲ್ಲ. 1989ರ ಜೂನ್‌ನಲ್ಲಿ ಎರಡೂ ದೇಶಗಳ ರಕ್ಷಣಾ ಕಾರ್ಯದರ್ಶಿಗಳು ಸೈನ್ಯವನ್ನು ಹಿಂದಕ್ಕೆ ಸರಿಸುವ ದಿಕ್ಕಿನಲ್ಲಿ ಒಪ್ಪಿದ್ದರು. ಮುಂದೆಯೂ ಹಲವು ಸುತ್ತಿನ ಮಾತುಕತೆ ನಡೆಯಿತು. ತೊಡಕು ಪ್ರತಿಸಲವೂ ಒಂದೇ ಕಡೆ. ಈಗ ಯಾರು ಎಲ್ಲಿದ್ದಾರೆ ಎಂಬುದನ್ನು ಮೊದಲು ನಕ್ಷೆಯ ಮೇಲೆ ಗುರುತಿಸಿ ಸಹಿ ಹಾಕಿ ಎನ್ನುತ್ತದೆ ಭಾರತ. ಹಾಗೆ ಸಹಿ ಹಾಕಿದರೆ 1984ರ ನಡೆಯನ್ನು ಒಪ್ಪಿಕೊಂಡಂತಾಗುತ್ತದೆ ಎಂಬುದು ಪಾಕಿಸ್ತಾನದ ವಾದ. 1999ರ ಕಾರ್ಗಿಲ್ ನಂತರ ಭಾರತದ ಅಂಜಿಕೆ ಇನ್ನೂ ಹೆಚ್ಚಿತು. ಚಳಿಗಾಲದಲ್ಲಿ ಖಾಲಿ ಬಿಟ್ಟ ಠಾಣೆಗಳಲ್ಲಿ ಬೇರೆಯವರು ಬಂದು ಕೂತದ್ದನ್ನು ಕಂಡ ಸೈನ್ಯಕ್ಕೆ, ಇನ್ನೊಂದು ಎತ್ತರವನ್ನು ಬರಿಯ ಮಾತಿನ ಮೇಲೆ ಬಿಟ್ಟು ಇಳಿ ಎಂದು ಹೇಳುವುದು ಸುಲಭವಲ್ಲ. ಈ ಅಂಜಿಕೆಯನ್ನು ತಳ್ಳಿಹಾಕಿ ಶಾಂತಿಯ ಮಾತಾಡುವುದು ಬಯಲಿನಲ್ಲಿ ಕೂತವರಿಗೆ ಹಗುರ. ಹಾಗೆಯೇ, ಅಂಜಿಕೆಯೊಂದನ್ನೇ ಹಿಡಿದು, ಬೇರೆಯವರ ಮಕ್ಕಳು ಇನ್ನೂ ನೂರು ವರ್ಷ ಅಲ್ಲೇ ನಿಲ್ಲಲಿ ಎನ್ನುವುದೂ ಅಷ್ಟೇ ಹಗುರ.

ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ಬರೆದ ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ. ಪಾಂಡವರು ಹಿಮಾಲಯವನ್ನು ಏರುತ್ತ ಒಬ್ಬೊಬ್ಬರಾಗಿ ಬೀಳುವ ಮಹಾಪ್ರಸ್ಥಾನದ ಕತೆ ಅವನ ಕಾವ್ಯದಲ್ಲಿಲ್ಲ. ಉಳಿದ ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ದುರ್ಯೋಧನ ಬಿದ್ದು ಯುದ್ಧ ಮುಗಿದರೆ ಕತೆ ಮುಗಿಯಿತು ಎಂದು ನಮಗೂ ಅನಿಸುವುದುಂಟು. ಆದರೆ ವ್ಯಾಸಭಾರತ ಅಲ್ಲಿಗೆ ಮುಗಿಯುವುದಿಲ್ಲ. ಗೆದ್ದವರೂ ಹಿಮಕ್ಕೆ ಹೋಗುತ್ತಾರೆ, ದ್ರೌಪದಿ ಮೊದಲು ಬೀಳುತ್ತಾಳೆ, ಕೊನೆಗೆ ಧರ್ಮರಾಯನ ಜೊತೆ ಉಳಿಯುವುದು ಒಂದು ನಾಯಿ. 2016ರಲ್ಲಿ ಸೋನಂ ಠಾಣೆಯ ಹಿಮದಡಿ ಮನುಷ್ಯರ ಸುಳಿವು ಹುಡುಕಿದ ನಾಯಿಗಳ ಹೆಸರು ಡಾಟ್ ಮತ್ತು ಮಿಶಾ.

ಸಾಲ್ತೊರೊ ಕಾಂಗ್ರಿಯ ಪೂರ್ವದ ಮಗ್ಗುಲಿಗೆ ಬಿದ್ದ ಹಿಮ ಸಿಯಾಚಿನ್‌ಗೆ ಸೇರಿ, ಕರಗಿ ನೂಬ್ರಾ ನದಿಯಾಗಿ ಶ್ಯೋಕ್ ನದಿಯನ್ನು ಕೂಡುತ್ತದೆ. ಪಶ್ಚಿಮದ ಮಗ್ಗುಲಿಗೆ ಬಿದ್ದದ್ದು ಕೊಂಡುಸ್ ಮೊದಲಾದ ಹಿಮನದಿಗಳಿಗಿಳಿದು, ಸಾಲ್ತೊರೊ ಕಣಿವೆಯ ಹೊಳೆಯಾಗಿ ಅದೇ ಶ್ಯೋಕ್ ನದಿಯನ್ನು ಇನ್ನೂ ಕೆಳಗೆ ಕೂಡುತ್ತದೆ. ಎರಡೂ ನೀರು ಒಂದಾಗಿ ಸಿಂಧೂ ಸೇರುತ್ತವೆ. ಬೆಟ್ಟಸಾಲಿನ ಮೇಲೆ ಎದುರುಬದುರು ನಿಂತವರ ಕಾಲಡಿಯ ಹಿಮ ಕೆಳಗೆ ಒಂದೇ ಹೊಳೆ.

ಹನುಮಂತಪ್ಪ ಕೊಪ್ಪದ 2002ರಲ್ಲಿ ಸೇನೆ ಸೇರಿದವರು. 13 ವರ್ಷದ ಸೇವೆಯಲ್ಲಿ ಬಹುಪಾಲನ್ನು ಕಾಶ್ಮೀರ ಮತ್ತು ಈಶಾನ್ಯದ ಕಷ್ಟದ ನೆಲೆಗಳಲ್ಲಿ ಕಳೆದರು. ಅವುಗಳಲ್ಲಿ ಕೆಲವನ್ನು ತಾವಾಗಿ ಕೇಳಿ ಪಡೆದಿದ್ದರು. ಅವರನ್ನು ಕರೆತಂದ ಮೇಲೆ ಹುಬ್ಬಳ್ಳಿಯ ಮೈದಾನದಲ್ಲಿ ಸಾವಿರಾರು ಜನ ಸಾಲುಗಟ್ಟಿ ನೋಡಿದರು. ಫೆಬ್ರುವರಿ 12ರಂದು ಬೆಟದೂರಿನಲ್ಲಿ ಲಿಂಗಾಯತ ಪದ್ಧತಿಯಂತೆ ಮಣ್ಣು ಮಾಡಿದರು. ಆರು ದಿನ ಹಿಮದಡಿ ಕಾದಿದ್ದವರನ್ನು ಅಗೆದು ತಂದು, ಎರೆಮಣ್ಣಿನಲ್ಲಿ ಇಟ್ಟರು.

ಅವರ ಹೆಸರು ನಮ್ಮ ಕಡೆ ಉಳಿದಿದೆ, ಉಳಿಯಬೇಕು. ಅದರ ಜೊತೆಗೆ ಸಾಲ್ತೊರೊ, ಬಿಲಾಫಾಂಡ್, ಎನ್‌ಜೆ9842 ಎಂಬ ಹೆಸರುಗಳೂ ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಬೇಕು. ಬರಿಯ ಪವಾಡವೆಂದು ಓದಿದರೆ ಆ ಆರು ದಿನಗಳು ಹಿಮದಡಿಯಲ್ಲೇ ಮುಗಿದುಹೋಗುತ್ತವೆ. 1949ರ ಆ ವಾಕ್ಯದ ಜೊತೆ ಇಟ್ಟು ಓದಿದರೆ ಅವುಗಳ ಬೆಲೆ ತಿಳಿಯುತ್ತದೆ. ವಾಕ್ಯವನ್ನು ಬರೆದವರು ಒಂದು ಕೋಣೆಯಲ್ಲಿ ಕೂತಿದ್ದರು. ಅದರ ಉಳಿದರ್ಧವನ್ನು ತೇಜೂರು, ಬೆಟದೂರಿನಂಥ ಊರುಗಳವರು ಇನ್ನೂ ಬರೆಯುತ್ತಲೇ ಇದ್ದಾರೆ.